ಮುದ್ದೆ, ಕೊಬ್ಬರಿ, ರೇಷ್ಮೆಗೂಡು, ಟೊಮೆಟೊ: ಜೀವಿಗಳ ಬೃಹದಣುಗಳನ್ನು ಕೈಯಾರೆ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ ಒಮ್ಮೆ, ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಇನ್ನೊಮ್ಮೆ ಜೈವಿಕ ಅಣುಗಳ ಪಾಠ ಬರುತ್ತದೆ. ಎರಡು ಸಲ ಓದಿದರೂ ಬಹುಪಾಲು ಮಕ್ಕಳ ತಲೆಯಲ್ಲಿ ಉಳಿಯುವುದು ಬಣ್ಣಗಳ ಪಟ್ಟಿ ಮಾತ್ರ. ಪಿಷ್ಟ ಪತ್ತೆಯ ಅಯೋಡಿನ್‌ಗೆ ನೀಲಿ, ಸಕ್ಕರೆ ಪತ್ತೆಯ ಬೆನೆಡಿಕ್ಟ್‌ಗೆ ಇಟ್ಟಿಗೆ ಕೆಂಪು, ಪ್ರೋಟೀನ್ ಪತ್ತೆಯ ಬಯುರೆಟ್‌ಗೆ ನೇರಳೆ. ಆ ಬಣ್ಣ ಏಕೆ ಬಂತು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಈ ಪಾಠವನ್ನು ಬಂಧದಿಂದ ಶುರು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಸಣ್ಣ ಅಣು ಯಾವುದಕ್ಕೆ ಹೇಗೆ ಕೂಡಿಕೊಂಡಿದೆ, ಆ ಕೂಡಿಕೆಯನ್ನು ಬಿಡಿಸುವುದು ಯಾವುದು, ಬಿಡಿಸಲಾರದ್ದು ಯಾವುದು ಎಂಬುದು ಹಿಡಿತಕ್ಕೆ ಸಿಕ್ಕರೆ ಬಣ್ಣಗಳನ್ನು ಉರು ಹೊಡೆಯಬೇಕಾಗಿಲ್ಲ.

ಇದಕ್ಕೆ ಬೇಕಾದ ವಸ್ತುಗಳೆಲ್ಲ ನಮ್ಮ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರು ಜಿಲ್ಲೆಗಳಲ್ಲೇ ಇವೆ. ಹಿಟ್ಟಿಗೂ ಹುಲ್ಲಿಗೂ ರಾಗಿ, ತಿಪಟೂರಿನ ಕೊಬ್ಬರಿ, ಪಾವಗಡ–ಶಿರಾ ಕಡೆಯ ಕಡಲೆಕಾಯಿ, ಶಿಡ್ಲಘಟ್ಟದ ರೇಷ್ಮೆಗೂಡು, ಕೋಲಾರದ ಮಂಡಿಯ ಟೊಮೆಟೊ. ಅನುಕ್ರಮವಾಗಿ ಮಾಡುತ್ತ ಹೋಗಿ. ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ.

ಸಾಮಗ್ರಿ ಮತ್ತು ಎಚ್ಚರಿಕೆ

ಮೆಡಿಕಲ್ ಸ್ಟೋರಿನಿಂದ ಪೊವಿಡೋನ್ ಅಯೋಡಿನ್ ದ್ರಾವಣ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ನೊರೆ ಬರುವ ಸ್ಕ್ರಬ್ ಬೇಡ, ಗಾಯಕ್ಕೆ ಹಚ್ಚುವ ದ್ರಾವಣವೇ ಆಗಬೇಕು. ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತ ಸಿಗುತ್ತದೆ. ದ್ರಾಕ್ಷಿ ತೋಟದವರು ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಬೆರೆಸುವ ತಾಮ್ರದ ಸಲ್ಫೇಟ್ ಅದೇ. ಬೆನೆಡಿಕ್ಟ್ ದ್ರಾವಣ ಮತ್ತು ಕಾಸ್ಟಿಕ್ ಸೋಡಾವನ್ನು ಕಾಲೇಜಿನ ಪ್ರಯೋಗಾಲಯದಲ್ಲೇ ಬಳಸಿ, ಮನೆಗೆ ತರಬೇಡಿ. ದ್ರಾವಣಗಳಿಗೆ ಬೋರ್‌ವೆಲ್ ನೀರಿನ ಬದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ನಮ್ಮ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲೆಲ್ಲಿ ಅಡ್ಡಬರುತ್ತದೆ ಎಂಬುದು ಎಣ್ಣೆಯ ಹಂತದಲ್ಲಿ ಗೊತ್ತಾಗುತ್ತದೆ.

ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕನ್ನಡಕ ಮತ್ತು ಗ್ಲೌಸ್ ಇಲ್ಲದೆ, ಉಪನ್ಯಾಸಕರು ಪಕ್ಕದಲ್ಲಿ ಇಲ್ಲದೆ ಮುಟ್ಟಬೇಡಿ. ಅಲ್ಯೂಮಿನಿಯಂ ಪಾತ್ರೆಗೆ ಅದನ್ನು ಹಾಕಲೇಬೇಡಿ, ಲೋಹ ಕರಗಿ ಹೈಡ್ರೋಜನ್ ಅನಿಲ ಬರುತ್ತದೆ. ಮೈಲುತುತ್ತ ವಿಷ. ಆಲ್ಕೋಹಾಲ್ ಇರುವ ಕೋಣೆಯಲ್ಲಿ ಒಲೆ ಹಚ್ಚಬೇಡಿ. ಪರೀಕ್ಷೆಗೆ ಬಳಸಿದ ಯಾವ ತಿನಿಸನ್ನೂ ಬಾಯಿಗೆ ಹಾಕಬೇಡಿ.

ಪ್ರತಿ ಪರೀಕ್ಷೆಯ ಜೊತೆಗೂ ಹೋಲಿಕೆಗೆ ಇನ್ನೆರಡು ನಳಿಕೆಗಳು ಬೇಕು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಖಂಡಿತ ಫಲ ಕೊಡುವ ವಸ್ತು. ಅಯೋಡಿನ್‌ಗೆ ಅನ್ನದ ಗಂಜಿ, ಬೆನೆಡಿಕ್ಟ್‌ಗೆ ಗ್ಲೂಕೋಸ್ ಪುಡಿ, ಬಯುರೆಟ್‌ಗೆ ಮೊಟ್ಟೆಯ ಬಿಳಿ. ಇವೆರಡು ಇಲ್ಲದೆ ನೋಡಿದ ಬಣ್ಣಕ್ಕೆ ಬೆಲೆಯಿಲ್ಲ.

ಮೊದಲ ಹಂತ: ಕಾಗದದ ಮೇಲೆ ಒಂದು ಕೂಡಿಕೆ

ನಳಿಕೆ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯಿರಿ. ಗ್ಲೂಕೋಸ್‌ನಲ್ಲಿ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ ಪರಮಾಣುಗಳಿವೆ. ಅಣುತೂಕ 180. ಎರಡು ಗ್ಲೂಕೋಸ್ ಸೇರಿದರೆ 360 ಆಗಬೇಕಿತ್ತು. ಆದರೆ ಅವು ಸೇರಿ ಆಗುವ ಮಾಲ್ಟೋಸ್‌ನ ತೂಕ 342. ಕಳೆದುಹೋದ 18 ಎಂದರೆ ಒಂದು ನೀರಿನ ಅಣು. ಒಂದು ಗ್ಲೂಕೋಸ್‌ನಿಂದ ಹೈಡ್ರೋಜನ್, ಇನ್ನೊಂದರಿಂದ ಹೈಡ್ರಾಕ್ಸಿಲ್ ಹೊರಬಿದ್ದು ನೀರಾಗಿ, ಉಳಿದ ಒಂದು ಆಕ್ಸಿಜನ್ ಎರಡನ್ನೂ ಹಿಡಿದುಕೊಳ್ಳುತ್ತದೆ.

ಈ ಲೆಕ್ಕವನ್ನು ನೀವೇ ಬರೆದು ನೋಡಿ. ಮುಂದಿನದೆಲ್ಲ ಇದೇ ಕ್ರಿಯೆಯ ಬೇರೆ ಬೇರೆ ರೂಪ. ಅಮೈನೋ ಆಮ್ಲಗಳು ಪ್ರೋಟೀನ್ ಆಗುವಾಗಲೂ ನೀರು ಹೋಗುತ್ತದೆ. ಗ್ಲಿಸರಾಲ್‌ಗೆ ಕೊಬ್ಬಿನಾಮ್ಲ ಕೂಡುವಾಗಲೂ ಹೋಗುತ್ತದೆ. ಡಿಎನ್‌ಎಯ ಸಕ್ಕರೆ–ಫಾಸ್ಫೇಟ್ ಸರಪಳಿಯಲ್ಲಿ ಜೀವಕೋಶ ಹಿಡಿಯುವ ದಾರಿ ಸ್ವಲ್ಪ ಬೇರೆಯಾದರೂ ಕೊನೆಯ ಲೆಕ್ಕ ಒಂದೇ. ಒಡೆಯುವಾಗ ಪ್ರತಿ ಬಂಧಕ್ಕೂ ಒಂದು ನೀರಿನ ಅಣು ಮರಳಿ ಸೇರುತ್ತದೆ. ಅದಕ್ಕೆ ಜಲವಿಭಜನೆ ಎನ್ನುತ್ತೇವೆ. ಊಟ ಜೀರ್ಣವಾಗುವುದೆಂದರೆ ರಸಾಯನಶಾಸ್ತ್ರದ ಕಣ್ಣಿನಲ್ಲಿ ಬಹುಪಾಲು ಇಷ್ಟೇ.

ಇಷ್ಟು ಉದ್ದದ ಅಣುಗಳು ನಿಜವಾಗಿ ಇರಬಹುದೆಂದು ನೂರು ವರ್ಷದ ಹಿಂದೆ ಅನೇಕ ರಸಾಯನಶಾಸ್ತ್ರಜ್ಞರು ನಂಬುತ್ತಿರಲಿಲ್ಲ. ಸಣ್ಣ ಅಣುಗಳು ಗುಂಪುಗೂಡಿವೆ, ಅಷ್ಟೇ ಎನ್ನುತ್ತಿದ್ದರು. ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಇವು ಗಟ್ಟಿ ಬಂಧಗಳಿಂದ ಕಟ್ಟಿದ ಒಂದೊಂದೇ ದೊಡ್ಡ ಅಣು ಎಂದು ವಾದಿಸಿದರು. ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ.

ಎರಡನೆಯ ಹಂತ: ರಾಗಿ ಹಿಟ್ಟು ಮತ್ತು ರಾಗಿ ಹುಲ್ಲು

ಒಂದು ಲೋಟ ನೀರಿಗೆ ಹತ್ತು ಹನಿ ಪೊವಿಡೋನ್ ಅಯೋಡಿನ್ ಬೆರೆಸಿ. ತೆಳು ಚಹಾದ ಬಣ್ಣ ಬಂದರೆ ಸಾಕು. ಅನ್ನದ ಗಂಜಿಯ ಮೇಲಿನ ತಿಳಿಗೆ ಎರಡು ಹನಿ ಬಿಡಿ, ಕಡುನೀಲಿಯಾಗುತ್ತದೆ. ರಾಗಿ ಅಂಬಲಿಯಲ್ಲಿ ಹೊಟ್ಟಿನ ಬಣ್ಣ ಅಡ್ಡ ಬರುವುದರಿಂದ ಅದನ್ನು ಚೆನ್ನಾಗಿ ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ ಪರೀಕ್ಷಿಸಿ. ಈಗ ನೀಲಿಯಾದ ಗಂಜಿಯ ನಳಿಕೆಯನ್ನು ಬಿಸಿನೀರಿನಲ್ಲಿ ಇಡಿ. ಬಣ್ಣ ಮಾಯವಾಗುತ್ತದೆ. ತಣಿದಾಗ ಮರಳಿ ಬರುತ್ತದೆ. ಮಕ್ಕಳಿಗೆ ಇದನ್ನು ತೋರಿಸದೆ ಮುಂದೆ ಹೋಗಬೇಡಿ, ಏಕೆಂದರೆ ವಿಷಯವೆಲ್ಲ ಇಲ್ಲಿದೆ. ಪಿಷ್ಟದ ಅಮೈಲೋಸ್ ಸರಪಳಿ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ, ಒಂದು ಸುತ್ತಿಗೆ ಸುಮಾರು ಆರು ಗ್ಲೂಕೋಸ್. ಆ ಸುತ್ತಿನೊಳಗಿನ ಟೊಳ್ಳಿನಲ್ಲಿ ಅಯೋಡಿನ್ ಸಾಲಾಗಿ ಕೂತಾಗ ನೀಲಿ ಕಾಣುತ್ತದೆ. ಬಿಸಿಗೆ ಸುತ್ತು ಸಡಿಲವಾಗಿ ಅಯೋಡಿನ್ ಹೊರಬರುತ್ತದೆ. ಇಲ್ಲಿ ಯಾವ ಬಂಧವೂ ಮುರಿದಿಲ್ಲ, ಆಕಾರ ಮಾತ್ರ ಕೆಟ್ಟು ಸರಿಯಾಗಿದೆ.

ಈಗ ರಾಗಿ ಹುಲ್ಲನ್ನು ಸಣ್ಣಗೆ ಕತ್ತರಿಸಿ, ನೀರಿನಲ್ಲಿ ಕುದಿಸಿ, ಅದೇ ಅಯೋಡಿನ್ ಹಾಕಿ. ಕಡುನೀಲಿ ಬರುವುದಿಲ್ಲ. ಹುಲ್ಲಿನ ಮುಖ್ಯ ವಸ್ತುವಾದ ಸೆಲ್ಯುಲೋಸ್ ಕೂಡ ಬರೀ ಗ್ಲೂಕೋಸ್‌ನಿಂದಲೇ ಆದದ್ದು, ಅದೇ 180 ತೂಕದ ಗ್ಲೂಕೋಸ್. ವ್ಯತ್ಯಾಸ ಬಂಧ ಹೊರಡುವ ದಿಕ್ಕಿನಲ್ಲಿದೆ. ಪಿಷ್ಟದಲ್ಲಿ ಅದು ಆಲ್ಫಾ, ಆದ್ದರಿಂದ ಸರಪಳಿ ಬಾಗಿ ಸುತ್ತುತ್ತದೆ. ಸೆಲ್ಯುಲೋಸ್‌ನಲ್ಲಿ ಬೀಟಾ, ಪ್ರತಿ ಎರಡನೆಯ ಗ್ಲೂಕೋಸ್ ತಲೆಕೆಳಗಾಗಿ ಕೂರುವುದರಿಂದ ಸರಪಳಿ ನೆಟ್ಟಗೆ ನಿಲ್ಲುತ್ತದೆ. ನೆಟ್ಟಗಿನ ಸರಪಳಿಗಳು ಪಕ್ಕಪಕ್ಕದಲ್ಲಿ ಒತ್ತಿಕೊಂಡು ಹೈಡ್ರೋಜನ್ ಬಂಧಗಳಿಂದ ನಾರಾಗುತ್ತವೆ.

ನಮ್ಮ ಜೊಲ್ಲಿನ ಅಮೈಲೇಸ್ ಕಿಣ್ವಕ್ಕೆ ಆಲ್ಫಾ ಬಂಧ ಮಾತ್ರ ಹೊಂದುತ್ತದೆ. ಸೆಲ್ಯುಲೋಸ್‌ನ ಬೀಟಾ ಬಂಧವನ್ನು ಮುರಿಯುವ ಕಿಣ್ವ ನಮ್ಮ ದೇಹದಲ್ಲಿ ಇಲ್ಲ. ಹಸುವಿಗೂ ತಾನಾಗಿ ಇಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ಒಂದೇ ಹೊಲದ ರಾಗಿಯಲ್ಲಿ ತೆನೆ ನಮಗೆ, ಹುಲ್ಲು ದನಕ್ಕೆ ಎಂದು ನಮ್ಮ ರೈತರು ಪಾಲು ಮಾಡುವುದರ ಹಿಂದೆ ಈ ಒಂದು ಬಂಧದ ದಿಕ್ಕು ಇದೆ. ಈ ಪಾಠದಲ್ಲಿ ನನಗೆ ಅತಿ ಇಷ್ಟವಾದ ಸಂಗತಿ ಇದು.

ಮೂರನೆಯ ಹಂತ: ಮೊಳಕೆ ರಾಗಿಯಿಂದ ಪಿಷ್ಟ ಒಡೆಯುವುದು

ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ. ನೆರಳಿನಲ್ಲಿ ಒಣಗಿಸಿ ಹಿಟ್ಟು ಮಾಡಿ. ಹುರಿಯಬೇಡಿ. ಮಗುವಿಗೆ ಸರಿ ಮಾಡುವ ಹಿಟ್ಟನ್ನು ಮನೆಯಲ್ಲಿ ಘಮಕ್ಕೆ ಹುರಿಯುತ್ತಾರೆ. ಈ ಪ್ರಯೋಗಕ್ಕೆ ಅದು ಆಗದು, ಹುರಿದ ಬಿಸಿಗೆ ಕಿಣ್ವ ಕೆಟ್ಟಿರುತ್ತದೆ.

ಸಾದಾ ರಾಗಿ ಹಿಟ್ಟಿನಿಂದ ಗಟ್ಟಿ ಗಂಜಿ ಕಾಯಿಸಿ ಎರಡು ಬಟ್ಟಲಿಗೆ ಸಮನಾಗಿ ಹಾಕಿ. ಬೆರಳು ಇಟ್ಟರೆ ತಾಳುವಷ್ಟು ಬಿಸಿ ಇರುವಾಗ ಒಂದಕ್ಕೆ ಒಂದು ಚಮಚ ಮೊಳಕೆ ಹಿಟ್ಟು, ಇನ್ನೊಂದಕ್ಕೆ ಒಂದು ಚಮಚ ಹುರಿದ ಮೊಳಕೆ ಹಿಟ್ಟು ಸೇರಿಸಿ ಕಲಸಿ. ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಮೊದಲನೆಯದು ನೀರಾಗಿ ಹರಿಯುತ್ತದೆ, ಎರಡನೆಯದು ಗಟ್ಟಿಯಾಗಿಯೇ ಇರುತ್ತದೆ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಉದ್ದ ಸರಪಳಿಗಳನ್ನು ತುಂಡು ಮಾಡಿದೆ. ಇದನ್ನೇ ಅನ್ನದ ಗಂಜಿಯಲ್ಲಿ ಮಾಡಿ ಐದೈದು ನಿಮಿಷಕ್ಕೆ ಒಂದು ಹನಿ ತೆಗೆದು ಅಯೋಡಿನ್ ಹಾಕಿದರೆ ನೀಲಿ ನೇರಳೆಯಾಗಿ, ಕೆಂಗಂದಾಗಿ, ಕೊನೆಗೆ ಅಯೋಡಿನ್‌ನ ಸ್ವಂತ ಬಣ್ಣವೇ ಉಳಿಯುತ್ತದೆ. ತುಂಡು ಸಣ್ಣದಾದಷ್ಟೂ ಅಯೋಡಿನ್ ಕೂರಲು ಜಾಗ ಕಡಿಮೆ. ಅದೇ ಹೊತ್ತಿಗೆ ಬೆನೆಡಿಕ್ಟ್ ಪರೀಕ್ಷೆ ಹಸಿರಿನಿಂದ ಇಟ್ಟಿಗೆ ಕೆಂಪಿನ ಕಡೆ ಸಾಗುತ್ತದೆ, ಏಕೆಂದರೆ ತುಂಡಾದ ಪ್ರತಿ ಜಾಗದಲ್ಲೂ ಬೆನೆಡಿಕ್ಟ್ ದ್ರಾವಣದ ತಾಮ್ರವನ್ನು ಅಪಕರ್ಷಿಸಬಲ್ಲ, ಎಂದರೆ ಅದಕ್ಕೆ ಎಲೆಕ್ಟ್ರಾನ್ ಕೊಡಬಲ್ಲ, ಹೊಸ ತುದಿಯೊಂದು ತೆರೆದುಕೊಳ್ಳುತ್ತದೆ. ಅಂಗಡಿಯ ಸಕ್ಕರೆಯಲ್ಲಿ ಅಂಥ ತುದಿಗಳೆರಡೂ ಬಂಧದಲ್ಲಿ ಸಿಕ್ಕಿಕೊಂಡಿವೆ. ಅದಕ್ಕೇ ಎಷ್ಟು ಸಿಹಿಯಿದ್ದರೂ ಅದು ಬೆನೆಡಿಕ್ಟ್‌ಗೆ ಸ್ಪಂದಿಸುವುದಿಲ್ಲ.

ನಾಲ್ಕನೆಯ ಹಂತ: ಎಣ್ಣೆ

ಕೊಬ್ಬು ಬೃಹದಣುಗಳ ಪಟ್ಟಿಯಲ್ಲಿ ಕೂರುವುದು ರೂಢಿಯಿಂದ. ಅದು ಉದ್ದ ಸರಪಳಿಯಲ್ಲ. ಒಂದು ಗ್ಲಿಸರಾಲ್, ಮೂರು ಕೊಬ್ಬಿನಾಮ್ಲ, ಮೂರು ಎಸ್ಟರ್ ಬಂಧ, ಹೊರಹೋದ ಮೂರು ನೀರು, ಅಲ್ಲಿಗೆ ಮುಗಿಯಿತು. ಕಡಲೆಕಾಯಿ ಬೀಜವನ್ನು ಬಿಳಿ ಕಾಗದದ ಮೇಲೆ ಉಜ್ಜಿ ಒಣಗಲು ಬಿಡಿ. ಬೆಳಕಿಗೆ ಹಿಡಿದರೆ ಅರೆಪಾರದರ್ಶಕ ಕಲೆ ಕಾಣುತ್ತದೆ. ನೀರಿನ ಕಲೆ ಆರಿಹೋಗುತ್ತದೆ, ಎಣ್ಣೆಯದು ಉಳಿಯುತ್ತದೆ.

ಕೊಬ್ಬರಿ ಎಣ್ಣೆಯನ್ನೂ ಕಡಲೆಕಾಯಿ ಎಣ್ಣೆಯನ್ನೂ ಎರಡು ಸೀಸೆಗಳಲ್ಲಿ ತುಂಬಿ 18–20 ಡಿಗ್ರಿಯ ತಂಪು ನೀರಿನಲ್ಲಿ ಇಡಿ. ಕೊಬ್ಬರಿ ಎಣ್ಣೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಅದರ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ, 12 ಕಾರ್ಬನ್‌ನ ನೆಟ್ಟಗಿನ ಬಾಲ. ನೆಟ್ಟಗಿನ ಬಾಲಗಳು ಒತ್ತೊತ್ತಾಗಿ ಜೋಡಿಕೊಳ್ಳುತ್ತವೆ. ಕಡಲೆಕಾಯಿ ಎಣ್ಣೆಯ ಒಲೀಕ್, ಲಿನೊಲೀಕ್ ಆಮ್ಲಗಳಲ್ಲಿ ಜೋಡಿಬಂಧವಿರುವ ಕಡೆ ಬಾಲ ಮಡಿಚಿರುವುದರಿಂದ ಜೋಡಣೆ ಕಷ್ಟ. ಫ್ರಿಜ್‌ನಲ್ಲಿ ಗಂಟೆಗಟ್ಟಲೆ ಇಟ್ಟರೆ ಅದೂ ಮಬ್ಬಾಗಿ ಪರೀಕ್ಷೆ ಕೆಡುತ್ತದೆ, ಆದ್ದರಿಂದ ತಂಪು ನೀರೇ ಸಾಕು.

ಎಸ್ಟರ್ ಬಂಧವನ್ನು ಕಾಸ್ಟಿಕ್ ಸೋಡಾ ಮುರಿದರೆ ಸೋಪು ಮತ್ತು ಗ್ಲಿಸರಾಲ್ ಸಿಗುತ್ತವೆ. ಆ ಸೋಪನ್ನು ನಮ್ಮ ಬೋರ್‌ವೆಲ್ ನೀರಿಗೆ ಹಾಕಿದಾಗ ನೊರೆಯ ಬದಲು ಬಿಳಿ ಗಸಿ ತೇಲುತ್ತದಲ್ಲ, ಅದು ಕೊಬ್ಬಿನಾಮ್ಲಕ್ಕೆ ನೀರಿನ ಕ್ಯಾಲ್ಸಿಯಂ ಅಂಟಿಕೊಂಡು ಕರಗದೆ ಉಳಿದದ್ದು. ಕೊನೆಯ ಹಂತದಲ್ಲಿ ಸೋಪಿನ ಬದಲು ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಲು ಇದೇ ಕಾರಣ.

ಐದನೆಯ ಹಂತ: ರೇಷ್ಮೆಗೂಡು

ಪ್ರೋಟೀನ್ ಪಾಠಕ್ಕೆ ಎಲ್ಲ ಕಡೆಯೂ ಮೊಟ್ಟೆ, ಹಾಲು ತೋರಿಸುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ವಸ್ತು ಮನೆಯಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಯಲ್ಲೇ ಇದೆ. ಬೇರೆ ಜಿಲ್ಲೆಯ ಕಾಲೇಜುಗಳಿಗೆ ಸುಲಭವಾಗಿ ಸಿಗದ ಭಾಗ್ಯ ಇದು, ಪಾಠದಲ್ಲಿ ಬಳಸಿಕೊಳ್ಳದೆ ಇರಬಾರದು.

ರೀಲರ್‌ಗಳ ಹತ್ತಿರ ನೂಲಿಗೆ ಬಾರದ ಗೂಡು ಕೇಳಿ ತನ್ನಿ. ಕತ್ತರಿಸಿ ಹುಳು ತೆಗೆದು ಚಿಪ್ಪನ್ನು ಮಾತ್ರ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ 5 ಗ್ರಾಂ ತೂಗಿ. ರೇಷ್ಮೆ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಎರಡು ಸಲ ತೂಗುವಾಗಲೂ ಒಂದೇ ರೀತಿ ಒಣಗಿಸಿರಬೇಕು.

ಚಿಪ್ಪಿನ ಎರಡು ಮೂರು ತುಂಡುಗಳನ್ನು ಬೇರೆ ತೆಗೆದು ಡಿಸ್ಟಿಲ್ಡ್ ವಾಟರಿನಲ್ಲಿ ಅರ್ಧ ಗಂಟೆ ಕುದಿಸಿ. ನೀರು ಸ್ವಲ್ಪ ಲೋಳೆಯಾಗುತ್ತದೆ. ಆ ನೀರನ್ನು 2 ಮಿಲಿ ತೆಗೆದುಕೊಂಡು, ಅಷ್ಟೇ ಪ್ರಮಾಣದ ಶೇ 10ರ ಕಾಸ್ಟಿಕ್ ಸೋಡಾ ಸೇರಿಸಿ, ಶೇ 1ರ ಮೈಲುತುತ್ತದ ದ್ರಾವಣ ಎರಡು ಮೂರು ಹನಿ ಬಿಡಿ. ನೇರಳೆ ಬಣ್ಣ ಬರುತ್ತದೆ, ಇದೇ ಬಯುರೆಟ್ ಪರೀಕ್ಷೆ. ಹನಿ ಹೆಚ್ಚಾದರೆ ತಾಮ್ರದ ನೀಲಿ ನೇರಳೆಯನ್ನು ಮುಚ್ಚಿಬಿಡುತ್ತದೆ, ಕೈ ಹಿಡಿತ ಇರಲಿ. ಇಲ್ಲಿ ತಾಮ್ರ ಹಿಡಿದುಕೊಳ್ಳುವುದು ಪೆಪ್ಟೈಡ್ ಬಂಧಗಳ, ಎಂದರೆ ಅಮೈನೋ ಆಮ್ಲಗಳ ನಡುವಿನ ಕೂಡಿಕೆಗಳ, ನೈಟ್ರೋಜನ್ನನ್ನು. ಕನಿಷ್ಠ ಎರಡು ಪೆಪ್ಟೈಡ್ ಬಂಧ ಇಲ್ಲದ ಅಣು ಈ ಬಣ್ಣ ಕೊಡುವುದಿಲ್ಲ. ಬಿಡಿ ಅಮೈನೋ ಆಮ್ಲವೂ ಕೊಡುವುದಿಲ್ಲ.

ಕುದಿಸಿದ ನೀರಿಗೆ ಬಂದದ್ದು ಸೆರಿಸಿನ್, ಎಂದರೆ ಎಳೆಯ ಮೇಲಿನ ಅಂಟು. ಒಳಗೆ ಉಳಿದದ್ದು ಫೈಬ್ರಾಯಿನ್. ಎರಡೂ ಪ್ರೋಟೀನ್, ಎರಡರಲ್ಲೂ ಅದೇ ಪೆಪ್ಟೈಡ್ ಬಂಧ. ಒಂದು ಬಿಸಿನೀರಿಗೆ ಬಿಡುತ್ತದೆ, ಇನ್ನೊಂದು ಸೀರೆಯಾಗಿ ತಲೆಮಾರು ಬಾಳುತ್ತದೆ. ಸೆರಿಸಿನ್‌ನ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರರಲ್ಲೊಂದು ಸೆರಿನ್, ಅದರ ಪಕ್ಕಕ್ಕೆ ಹೈಡ್ರಾಕ್ಸಿಲ್ ಇರುವುದರಿಂದ ನೀರಿನೊಂದಿಗೆ ಸ್ನೇಹ. ಫೈಬ್ರಾಯಿನ್‌ನಲ್ಲಿ ಗ್ಲೈಸಿನ್, ಅಲನಿನ್, ಮತ್ತೆ ಗ್ಲೈಸಿನ್ ಎಂದು ಅತಿ ಚಿಕ್ಕ ಅಮೈನೋ ಆಮ್ಲಗಳೇ ಮತ್ತೆ ಮತ್ತೆ ಬರುತ್ತವೆ. ಪಕ್ಕಕ್ಕೆ ಚಾಚುವ ಗುಂಪುಗಳು ಸಣ್ಣವಾದ್ದರಿಂದ ಸರಪಳಿಗಳು ಹಾಳೆಯಾಗಿ, ಹಾಳೆಗಳು ಒಂದರ ಮೇಲೊಂದು ಸಂದಿಲ್ಲದಂತೆ ಕೂರುತ್ತವೆ. ಬೀಟಾ ಹಾಳೆ ಎಂದು ಪುಸ್ತಕದಲ್ಲಿ ಓದುವುದು ಇದನ್ನೇ. ಸರಪಳಿಗಳು ಹೇಗೆ ಬಾಗಬಹುದು, ಹೇಗೆ ಬಾಗಲಾರವು ಎಂದು ಕೋನಗಳ ಲೆಕ್ಕದಲ್ಲಿ ತೋರಿಸಿದ ನಕ್ಷೆ 1963ರಲ್ಲಿ ಮದ್ರಾಸಿನಿಂದ ಬಂತು. ಅದರ ಹಿಂದಿದ್ದ ಜಿ.ಎನ್. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರದ ವಿಭಾಗ ಕಟ್ಟಿದರು. ಜಗತ್ತಿನಲ್ಲಿ ಎಲ್ಲೇ ಪ್ರೋಟೀನ್‌ನ ರಚನೆ ಬಿಡಿಸಿದರೂ ಇಂದಿಗೂ ಆ ನಕ್ಷೆಯ ಮೇಲಿಟ್ಟು ಪರಿಶೀಲಿಸುತ್ತಾರೆ.

ಈಗ ತೂಗಿಟ್ಟ 5 ಗ್ರಾಂ ಚಿಪ್ಪನ್ನು ಸ್ಟೀಲ್ ಪಾತ್ರೆಯಲ್ಲಿ, ಲೀಟರಿಗೆ 2 ಗ್ರಾಂನಂತೆ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ. ಬಿಸಿನೀರಿನಲ್ಲಿ ಹಲವು ಸಲ ತೊಳೆದು ಒಣಗಿಸಿ ಮತ್ತೆ ತೂಗಿ. ತೂಕ ಸರಿಸುಮಾರು ಕಾಲುಭಾಗ ಇಳಿದಿರುತ್ತದೆ. ಉಳಿದದ್ದು ಮೆತ್ತಗೆ, ಹೊಳೆಯುತ್ತ ಇರುತ್ತದೆ.

ಕಾಲೇಜಿನಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಅಂಟು ತೆಗೆದ ರೇಷ್ಮೆಯ ಎಳೆಗಳನ್ನು ಒಂದು ನಳಿಕೆಯಲ್ಲಿ, ಹತ್ತಿಯ ಎಳೆಗಳನ್ನು ಇನ್ನೊಂದರಲ್ಲಿ ಹಾಕಿ, ಶೇ 5ರ ಕಾಸ್ಟಿಕ್ ಸೋಡಾ ತುಂಬಿ, ಕುದಿಯುವ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ನೇರ ಉರಿಗೆ ಹಿಡಿಯಬೇಡಿ, ದ್ರಾವಣ ಚಿಮ್ಮುತ್ತದೆ. ರೇಷ್ಮೆ ಕರಗಿಹೋಗುತ್ತದೆ, ಹತ್ತಿ ಹಾಗೆಯೇ ಉಳಿಯುತ್ತದೆ. ಎಣ್ಣೆಯ ಎಸ್ಟರ್ ಬಂಧದ ಹಾಗೆಯೇ ಪೆಪ್ಟೈಡ್ ಬಂಧದಲ್ಲೂ ಆಕ್ಸಿಜನ್‌ಗೆ ಜೋಡಿಬಂಧದಿಂದ ಕೂಡಿದ ಒಂದು ಕಾರ್ಬನ್ ಇದೆ, ಕ್ಷಾರ ಬಂದು ಹೊಡೆಯುವುದು ಅದಕ್ಕೇ. ಸೆಲ್ಯುಲೋಸ್‌ನ ಬಂಧದಲ್ಲಿ ಅಂಥ ಕಾರ್ಬನ್ ಇಲ್ಲ, ಅದು ಕ್ಷಾರಕ್ಕೆ ಜಗ್ಗುವುದಿಲ್ಲ. ಪ್ರಬಲ ಆಮ್ಲಕ್ಕೆ ಮಾತ್ರ ಮುರಿಯುತ್ತದೆ. ರೇಷ್ಮೆ ಸೀರೆಯನ್ನು ಕ್ಷಾರದ ಸೋಪುಪುಡಿಯಲ್ಲಿ ನೆನೆಸಬಾರದೆಂದು ಅಂಗಡಿಯವರು ಹೇಳುವುದು, ಕಿಣ್ವ ಬೆರೆಸಿದ ಡಿಟರ್ಜೆಂಟ್‌ಗಳ ಮೇಲೆ ರೇಷ್ಮೆಗೆ ಬೇಡ ಎಂದು ಬರೆದಿರುವುದು, ಎರಡೂ ಪೆಪ್ಟೈಡ್ ಬಂಧದ ಕಾಳಜಿಯೇ.

ಕಿಣ್ವದ ಮಾತು ಬಂದದ್ದರಿಂದ ತೂತುಗೂಡಿನ ಕಡೆ ನೋಡಿ. ಚಿಟ್ಟೆ ಹೊರಬರುವಾಗ ಗೂಡನ್ನು ಹಲ್ಲಿನಿಂದ ಕಡಿಯುವುದಿಲ್ಲ, ಅದಕ್ಕೆ ಹಲ್ಲೇ ಇಲ್ಲ. ಬಾಯಿಯಿಂದ ಕೊಕೂನೇಸ್ ಎಂಬ ಕಿಣ್ವ ಸುರಿಸಿ ಸೆರಿಸಿನ್‌ನ ಪೆಪ್ಟೈಡ್ ಬಂಧಗಳನ್ನು ಜಲವಿಭಜಿಸಿ, ಸಡಿಲವಾದ ಎಳೆಗಳನ್ನು ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಆ ಗೂಡಿನಿಂದ ಒಂದೇ ಎಳೆ ನೂಲು ತೆಗೆಯಲಾಗದೆ ಬೆಲೆ ಬೀಳುತ್ತದೆ. ನಾವು ಅರ್ಧ ಗಂಟೆ ಕುದಿಸಿ ಮಾಡಿದ ಕೆಲಸವನ್ನು ಅದು ಬೆಂಕಿಯಿಲ್ಲದೆ, ತನಗೆ ಬೇಕಾದ ಜಾಗದಲ್ಲಿ ಮಾತ್ರ ಮಾಡುತ್ತದೆ.

ಆರನೆಯ ಹಂತ: ಟೊಮೆಟೊದಿಂದ ಡಿಎನ್‌ಎ

ಹಿಂದಿನ ರಾತ್ರಿಯೇ ಐಸೊಪ್ರೊಪೈಲ್ ಆಲ್ಕೋಹಾಲ್ ಸೀಸೆಯನ್ನು ಬಿಗಿಯಾಗಿ ಮುಚ್ಚಿ ಕಾಲೇಜಿನ ಫ್ರಿಜ್‌ನಲ್ಲಿ ತಣ್ಣಗೆ ಮಾಡಿ. ಮಾಗಿದ ಒಂದು ಟೊಮೆಟೊವನ್ನು ಕೈಯಿಂದ ಹಿಚುಕಿ. ಅರ್ಧ ಲೋಟ ಡಿಸ್ಟಿಲ್ಡ್ ವಾಟರಿಗೆ ಅರ್ಧ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ನೊರೆ ಬರದ ಹಾಗೆ ಕಲಸಿ ಟೊಮೆಟೊಗೆ ಹಾಕಿ. ಈ ಬಟ್ಟಲನ್ನು 60 ಡಿಗ್ರಿಯ ಬಿಸಿನೀರಿನಲ್ಲಿ ಹದಿನೈದು ನಿಮಿಷ ಇಟ್ಟು, ತಕ್ಷಣ ತಣ್ಣೀರಿಗೆ ಇಳಿಸಿ. ತೆಳುಬಟ್ಟೆಯಲ್ಲಿ ಹಿಂಡದೆ ಸೋಸಿ.

ಕೋಶದ ಪೊರೆ ಕೊಬ್ಬಿನಾಮ್ಲದ ಬಾಲಗಳಿಂದ ಆದದ್ದು, ಲಿಕ್ವಿಡ್ ಅದನ್ನು ಕಲಕಿ ಕರಗಿಸುತ್ತದೆ. ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳ ಕೆಲಸವನ್ನು ಬಿಸಿ ತಡೆಯುತ್ತದೆ. ಡಿಎನ್‌ಎಯ ಫಾಸ್ಫೇಟ್‌ಗಳೆಲ್ಲ ಋಣ ಆವೇಶದವು, ಒಂದನ್ನೊಂದು ದೂಡುತ್ತವೆ. ಉಪ್ಪಿನ ಸೋಡಿಯಂ ಆ ಆವೇಶವನ್ನು ತಣಿಸುತ್ತದೆ.

ಸೋಸಿದ ರಸವನ್ನು ಉದ್ದನೆಯ ಗಾಜಿನ ಲೋಟಕ್ಕೆ ಹಾಕಿ, ಲೋಟವನ್ನು ಓರೆ ಮಾಡಿ, ಅಷ್ಟೇ ಪ್ರಮಾಣದ ತಣ್ಣನೆಯ ಆಲ್ಕೋಹಾಲನ್ನು ಅಂಚಿನಿಂದ ನಿಧಾನವಾಗಿ ಇಳಿಸಿ. ಎರಡು ಪದರ ಬೇರೆಬೇರೆಯಾಗಿ ನಿಲ್ಲಬೇಕು. ಕೆಲವು ನಿಮಿಷದಲ್ಲಿ ನಡುಗೆರೆಯಿಂದ ಬಿಳಿ ಎಳೆಗಳು ಮೇಲೇಳುತ್ತವೆ. ಮರದ ಕಡ್ಡಿಗೆ ಸುತ್ತಿ ತೆಗೆಯಬಹುದು.

1869ರಲ್ಲಿ ಫ್ರೆಡ್ರಿಕ್ ಮೀಷರ್ ಗಾಯದ ಪಟ್ಟಿಯ ಕೀವಿನಿಂದ ಮೊದಲು ಬೇರ್ಪಡಿಸಿದ ವಸ್ತು ಇದೇ ಜಾತಿಯದು. ಟೊಮೆಟೊದ ಸಂಪೂರ್ಣ ಡಿಎನ್‌ಎ ಅಕ್ಷರಸಾಲನ್ನು ಭಾರತದ ವಿಜ್ಞಾನಿಗಳೂ ಇದ್ದ ಅಂತರರಾಷ್ಟ್ರೀಯ ತಂಡ 2012ರಲ್ಲಿ ಪ್ರಕಟಿಸಿತು. ಒಂದು ಪ್ರತಿಯಲ್ಲಿ ಸುಮಾರು 90 ಕೋಟಿ ಜೋಡಿಗಳು. ಪ್ರತಿ ಕೋಶದಲ್ಲಿ ಎರಡು ಪ್ರತಿ, ಜೋಡಿಗೊಂದಕ್ಕೆ 0.34 ನ್ಯಾನೋಮೀಟರ್ ಎಂದು ಗುಣಿಸಿ ನೋಡಿ, ಒಂದೇ ಕೋಶದ ಎಳೆಗಳ ಒಟ್ಟು ಉದ್ದ 60 ಸೆಂಟಿಮೀಟರ್ ದಾಟುತ್ತದೆ.

ಎಳೆಯ ಬದಲು ಗುಳ್ಳೆಗಳಿರುವ ಪಾರದರ್ಶಕ ಲೋಳೆ ಬಂದರೆ ಅದು ಹೆಚ್ಚಾಗಿ ಪೆಕ್ಟಿನ್. ಹಣ್ಣಿನ ಗೋಡೆಯ ಈ ಸಕ್ಕರೆ ಸರಪಳಿಯೂ ಆಲ್ಕೋಹಾಲ್‌ನಲ್ಲಿ ಕರಗುವುದಿಲ್ಲ. ಎಳೆ ಚೆನ್ನಾಗಿ ಬಂದಾಗಲೂ ಅದರಲ್ಲಿ ಪೆಕ್ಟಿನ್ ಮತ್ತು ಪ್ರೋಟೀನ್ ಬೆರೆತಿರುತ್ತವೆ, ಶುದ್ಧ ಡಿಎನ್‌ಎ ಸಿಕ್ಕಿತು ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಡಿ. ಈರುಳ್ಳಿಯಿಂದಲೂ ಮಾಡಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಖಚಿತಪಡಿಸಿಕೊಳ್ಳಬೇಕೆಂದರೆ ಎಳೆಯನ್ನು ಡಿಗ್ರಿ ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದು ಡೈಫಿನೈಲಮೈನ್ ಪರೀಕ್ಷೆ ಮಾಡಿಸಿ. ಆಮ್ಲದಲ್ಲಿ ಕರಗಿಸಿದ ಆ ದ್ರಾವಣದ ಜೊತೆ ಹತ್ತು ನಿಮಿಷ ಕುದಿನೀರಿನಲ್ಲಿಟ್ಟರೆ ಡಿಎನ್‌ಎಯ ಡಿಆಕ್ಸಿರೈಬೋಸ್ ಸಕ್ಕರೆ ನೀಲಿ ಬಣ್ಣ ಕೊಡುತ್ತದೆ. ಪೆಕ್ಟಿನ್‌ನಲ್ಲಿ ಆ ಸಕ್ಕರೆ ಇಲ್ಲ.